ಮೆತ್ತನೆಯ ಸೀಟು ಏಕೆ ನೋಯಿಸುತ್ತದೆ?

ರೋಡ್ ಬೈಕ್ ಕೊಂಡ ಹೆಣ್ಣುಮಗಳು ಮೊದಮೊದಲು ಮಾಡುವ ಕೆಲಸವೆಂದರೆ ಸೈಕಲ್ ಅಂಗಡಿಗೆ ವಾಪಸು ಹೋಗಿ ಸೀಟಿಗೆ ಜೆಲ್ ಕವರ್ ಹಾಕಿಸಿಕೊಳ್ಳುವುದು. ಅಂಗಡಿಯಲ್ಲಿರುವವರು ಸಾಮಾನ್ಯವಾಗಿ ಗಂಡಸರು. ಅವರೆದುರು ಆಕೆ "ಸೀಟು ಒತ್ತುತ್ತೆ" ಎಂದಷ್ಟೇ ಹೇಳುತ್ತಾಳೆ. ಎಲ್ಲಿ ಒತ್ತುತ್ತದೆ ಎಂದು ಅವರು ಕೇಳುವುದಿಲ್ಲ, ಆಕೆ ಬಿಡಿಸಿ ಹೇಳುವುದೂ ಇಲ್ಲ. ಮೆತ್ತಗಿನ ಕವರೊಂದನ್ನು ಎಳೆದು ಕೂರಿಸಿ, ದಾರ ಬಿಗಿದು ಕಳಿಸುತ್ತಾರೆ. ಹೊಸಪೇಟೆಯ ಬೀದಿಗಳಲ್ಲಿ ಎರಡು ಸುತ್ತು ಹೊಡೆದಾಗ ಹಾಯೆನಿಸುತ್ತದೆ. ಭಾನುವಾರ ಬೆಳಿಗ್ಗೆ ಕಮಲಾಪುರ ದಾಟಿ, ಬುಕ್ಕಸಾಗರದ ಕಡೆಯ ಗದ್ದೆ ದಾರಿ ಹಿಡಿದು ಕಂಪ್ಲಿ ಮುಟ್ಟುವಷ್ಟರಲ್ಲಿ ನೋವು ಮೊದಲಿಗಿಂತ ಹೆಚ್ಚಾಗಿರುತ್ತದೆ. ಜೊತೆಗೆ ಜೋಮು ಬೇರೆ.

ಇನ್ನೊಂದು ಕಡೆ, ದಿನಕ್ಕೆ ನೂರು ಕಿಲೋಮೀಟರ್ ತುಳಿಯುವವರ ಸೈಕಲ್ಲನ್ನು ನೋಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರ ಮಟ್ಟಕ್ಕೆ ಹೋಗಿ ಪದಕ ತಂದ ಸೈಕಲ್ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರ ಸೀಟು ಸಪೂರ, ಬಿರುಸು. ಮೇಲಿನ ಸ್ಪಂಜು ಒಂದು ಬೆರಳಿನ ದಪ್ಪವೂ ಇರುವುದಿಲ್ಲ. ಸಂತೆಗೆ ಹೋಗಿಬರುವವರಿಗೆ ಮೆತ್ತನೆಯ ಸೀಟು, ದಿನವಿಡೀ ಕೂರುವವರಿಗೆ ಗಟ್ಟಿ ಸೀಟು. ಲೆಕ್ಕ ತಿರುಗುಮುರುಗಾದಂತೆ ಕಾಣುತ್ತದಲ್ಲವೇ? ಅಭ್ಯಾಸವಾದವರು ಸಹಿಸಿಕೊಳ್ಳುತ್ತಾರೆ ಎಂದು ಹಲವರು ಇದಕ್ಕೆ ಉತ್ತರ ಕೊಡುತ್ತಾರೆ. ಅದು ಸರಿಯಲ್ಲ. ಸರಿಯಾದ ಗಟ್ಟಿ ಸೀಟು ನಿಜವಾಗಿಯೂ ಕಡಿಮೆ ನೋಯಿಸುತ್ತದೆ. ಏಕೆ ಎಂದು ತಿಳಿಯಲು ಸೀಟನ್ನು ಬಿಟ್ಟು, ಅದರ ಮೇಲೆ ಕೂರುವ ಎಲುಬಿನ ಕಡೆ ನೋಡಬೇಕು.

ಕೂರೆಲುಬು

ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಎರಡೂ ಅಂಗೈಗಳನ್ನು ಪಿರ್ರೆಯ ಕೆಳಗೆ ತೂರಿಸಿ. ಆಚೆ ಒಂದು, ಈಚೆ ಒಂದು ಗಟ್ಟಿ ಗುಬಟು ಕೈಗೆ ತಾಗುತ್ತದೆ. ಸೊಂಟದ ಎಲುಬುಗೂಡಿನ ತೀರಾ ಕೆಳತುದಿಗಳಿವು. ಇವನ್ನು ಕೂರೆಲುಬು ಎಂದು ಕರೆಯೋಣ. ಮನುಷ್ಯನ ಭಾರ ಹೊರಲೆಂದೇ ಇರುವ ಜಾಗಗಳಿವು. ಮೇಲೆ ದಪ್ಪ ಚರ್ಮ, ಒಳಗೆ ಗಟ್ಟಿ ಎಲುಬು. ನಡುವೆ ಒತ್ತಡಕ್ಕೆ ಸಿಕ್ಕಿ ನಲುಗುವಂಥ ದೊಡ್ಡ ನರವಾಗಲಿ, ರಕ್ತನಾಳವಾಗಲಿ ಇಲ್ಲ.

ಎರಡೂ ಕೂರೆಲುಬುಗಳ ನಡುವೆ, ಮುಂದಕ್ಕೆ ಚಾಚಿಕೊಂಡು ಇರುವುದೆಲ್ಲ ಮೆದುಭಾಗ. ಜನನಾಂಗ, ಮೂತ್ರದ್ವಾರ, ಅಲ್ಲಿಗೆ ಸಂವೇದನೆ ಒಯ್ಯುವ ನರಗಳು, ರಕ್ತ ಒಯ್ಯುವ ಸಣ್ಣ ನಾಳಗಳು, ದುಗ್ಧರಸ ಹರಿಯುವ ಇನ್ನೂ ಸಣ್ಣ ನಾಳಗಳು ಅಲ್ಲಿವೆ. ಭಾರ ಹೊರುವುದು ಈ ಜಾಗದ ಕೆಲಸವೇ ಅಲ್ಲ.

ಈ ಅಧ್ಯಾಯದ ಎಲ್ಲ ಮಾತೂ ಇಲ್ಲಿಂದಲೇ ಹೊರಡುತ್ತದೆ. ಸೀಟು ಭಾರವನ್ನು ಇಲ್ಲವಾಗಿಸಲಾರದು. ಅದನ್ನು ಎಲುಬಿನ ಮೇಲೆ ಹಾಕುತ್ತದೆ, ಇಲ್ಲವೇ ಮೆದುಭಾಗದ ಮೇಲೆ ಹಾಕುತ್ತದೆ.

ಬೆನ್ನು ಬಾಗಿದಾಗ

ಕಟ್ಟೆಯ ಮೇಲೆ ಕೂತಲ್ಲೇ, ಕೈ ತೆಗೆಯದೆ, ಸೊಂಟದಿಂದ ಮುಂದಕ್ಕೆ ಬಾಗಿ ನೋಡಿ. ಗುಬಟುಗಳು ಅಂಗೈಯಿಂದ ಹಿಂದಕ್ಕೆ ಜಾರುತ್ತವೆ. ಭಾರ ಮುಂದಕ್ಕೆ ಉರುಳುತ್ತದೆ. ಕೂರೆಲುಬಿನಿಂದ ಮುಂದಕ್ಕೆ ಎರಡು ಎಲುಬಿನ ಪಟ್ಟಿಗಳು ಹೊರಟು, ಹತ್ತಿರ ಹತ್ತಿರ ಬರುತ್ತಾ, ಮುಂಭಾಗದಲ್ಲಿ ಒಂದು ಸಂದಿನಲ್ಲಿ ಕೂಡಿಕೊಳ್ಳುತ್ತವೆ. ಎರಡೂ ಸೇರಿ ಒಂದು ಕಮಾನು. ಬಾಗಿದಷ್ಟೂ ನಾವು ಕೂರೆಲುಬನ್ನು ಬಿಟ್ಟು ಈ ಕಮಾನಿನ ಕಾಲುಗಳ ಮೇಲೆ ಕೂರುತ್ತೇವೆ. ಮುಂದೆ ಹೋದಂತೆ ಕಾಲುಗಳ ನಡುವಿನ ಅಂತರ ಕಡಿಮೆ, ಮೆದುಭಾಗ ಸೀಟಿಗೆ ಹತ್ತಿರ.

ಕರ್ನಾಟಕ ಸರ್ಕಾರ 2006–07ರಲ್ಲಿ ಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದ ಮೇಲೆ, ಎಂಟನೇ ತರಗತಿಗೆ ಕಾಲಿಟ್ಟ ಲಕ್ಷಾಂತರ ಹುಡುಗಿಯರು ಮೊದಲ ಬಾರಿಗೆ ತಮ್ಮದೇ ಸೈಕಲ್ ಹತ್ತಿದರು. ಕಂಪ್ಲಿ, ಸಂಡೂರು ಸುತ್ತಿನ ಹಳ್ಳಿಗಳಲ್ಲಿ ಇಂದು ಇಪ್ಪತ್ತು, ಮೂವತ್ತರ ಹರೆಯದಲ್ಲಿರುವ ಎಷ್ಟೋ ಹೆಂಗಸರು ಸೈಕಲ್ ಕಲಿತದ್ದು ಹಾಗೆ. ಆ ಸೈಕಲ್ಲಿನ ಹ್ಯಾಂಡಲ್ ಸೀಟಿಗಿಂತ ಎತ್ತರ, ಕೂರುವವಳ ಬೆನ್ನು ನೆಟ್ಟಗೆ. ಇಡೀ ಭಾರ ಕೂರೆಲುಬಿನ ಮೇಲೆ, ಹಿಂದುಗಡೆ. ಅದಕ್ಕೆ ಅಗಲವಾದ, ಸ್ಪ್ರಿಂಗ್ ಇರುವ ಸೀಟು ಸರಿಹೋಗುತ್ತದೆ. ಹಂಪಿಯಲ್ಲಿ ಬಾಡಿಗೆಗೆ ಸಿಗುವ ಸಾಧಾರಣ ಸೈಕಲ್ಲಿನ ಕತೆಯೂ ಅದೇ. ಗುಡಿಯಿಂದ ಗುಡಿಗೆ ಹತ್ತಿಪ್ಪತ್ತು ನಿಮಿಷದ ಓಡಾಟ, ನಡುನಡುವೆ ಇಳಿಯುವುದು.

ರೋಡ್ ಬೈಕಿನ ಹ್ಯಾಂಡಲ್ ದೂರ, ತಗ್ಗು, ಕೆಳಕ್ಕೆ ಬಾಗಿದ್ದು. ಗಾಳಿಯನ್ನು ಸೀಳಿ ವೇಗವಾಗಿ ಹೋಗಲೆಂದು ಆ ಭಂಗಿ. ಅದರಲ್ಲಿ ಸೊಂಟ ಮುಂದಕ್ಕೆ ಉರುಳಲೇಬೇಕು. ಹೈಸ್ಕೂಲಿನ ಸೈಕಲ್ಲಿನಲ್ಲಿ ಹಾಯಾಗಿದ್ದ ದೇಹವೇ ಇಲ್ಲಿ ನೋಯುವುದಕ್ಕೆ ಇದು ಮೊದಲ ಕಾರಣ.

ಹೆಣ್ಣಿನ ಸೊಂಟದ ಕಮಾನು

ಈ ಕಮಾನು ಗಂಡಸರಲ್ಲಿ ಕಿರಿದು, ಎತ್ತರ. ಹೆಂಗಸರಲ್ಲಿ ಅಗಲ, ತಗ್ಗು. ಕಮಾನಿನ ಕೋನ ಗಂಡಸರಲ್ಲಿ ಸಾಮಾನ್ಯವಾಗಿ 60–70 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹೆಂಗಸರಲ್ಲಿ 80–90 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮಗು ಹೊರಬರುವ ದಾರಿ ಇದು. ಅಗಲವಿರಲೇಬೇಕು.

ಹೆರಿಗೆಗೆ ಅನುಕೂಲವಾದ ಈ ರಚನೆ ಸೈಕಲ್ಲಿನ ಮೇಲೆ ಎರಡು ತೊಂದರೆ ತರುತ್ತದೆ. ಒಂದು, ಕೂರೆಲುಬುಗಳ ನಡುವಿನ ಅಂತರ ಸರಾಸರಿಯಲ್ಲಿ ಗಂಡಸರಿಗಿಂತ ಹೆಚ್ಚು. ಕಿರಿದಾದ ಸೀಟಿನ ಮೇಲೆ ಕೂತರೆ ಕೂರೆಲುಬುಗಳು ಅಂಚಿನಾಚೆ ಜೋತು, ಸೀಟಿನ ದಿಂಡು ನೇರವಾಗಿ ನಡುವೆ ಒತ್ತುತ್ತದೆ. ಎರಡು, ಕಮಾನು ತಗ್ಗಾಗಿರುವುದರಿಂದ, ಮುಂದಕ್ಕೆ ಬಾಗಿದಾಗ ಮುಂಭಾಗದ ಸಂದೂ ಅದರ ಮುಂದಿನ ಮೆದುಭಾಗವೂ ಸೀಟಿನ ಮೂತಿಗೆ ಬೇಗ ತಾಗುತ್ತವೆ. ಮೊದಲನೆಯ ತೊಂದರೆಗೆ ಅಗಲವಾದ ಸೀಟು ಸಾಕು. ಎರಡನೆಯದಕ್ಕೆ ಸಾಲದು. "ಲೇಡೀಸ್ ಸೀಟು" ಎಂದು ಗುಲಾಬಿ ಬಣ್ಣ ಬಳಿದು, ಅಗಲ ಮಾಡಿ, ದಪ್ಪ ಗಾದಿ ಹೊದಿಸಿ ಮಾರುವವರು ಈ ಎರಡನೆಯದನ್ನು ಮರೆತೇಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಸರಾಸರಿ ಅಂದದ್ದು ಸರಾಸರಿ ಮಾತ್ರ. ಕಿರಿದಾದ ಕೂರೆಲುಬಿನ ಹೆಂಗಸರಿದ್ದಾರೆ, ಅಗಲವಾದ ಕೂರೆಲುಬಿನ ಗಂಡಸರಿದ್ದಾರೆ. ಹೊರಗಿನಿಂದ ಸೊಂಟದ ದಪ್ಪ ನೋಡಿ ಒಳಗಿನ ಎಲುಬಿನ ಅಂತರ ಹೇಳಲಾಗದು. ತೆಳ್ಳಗಿರುವವಳಿಗೆ ಸಪೂರ ಸೀಟು, ದಪ್ಪಗಿರುವವಳಿಗೆ ಅಗಲ ಸೀಟು ಎಂದು ಕಣ್ಣಳತೆಯಲ್ಲಿ ಕೊಡುವುದು ತಪ್ಪು.

ರೊಟ್ಟಿ ಹಿಟ್ಟಿಗೆ ಎರಡು ಬೆರಳು

ಈಗ ಜೆಲ್ ಕವರಿನ ಒಗಟು. ರೊಟ್ಟಿ ತಟ್ಟಲು ನಾದಿಟ್ಟ ಜೋಳದ ಹಿಟ್ಟಿನ ದೊಡ್ಡ ಉಂಡೆಗೆ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಸ್ವಲ್ಪ ಅಗಲಿಸಿ ಊರಿ. ಬೆರಳುಗಳು ಒಳಗೆ ಇಳಿದಂತೆ ನಡುವಿನ ಹಿಟ್ಟು ಮೇಲೆ ಉಬ್ಬಿ ಬೆರಳಸಂದಿಯನ್ನು ತುಂಬುತ್ತದೆ. ಹಿಟ್ಟಿಗೆ ಬೇರೆಲ್ಲೂ ಹೋಗಲು ಜಾಗವಿಲ್ಲ. ಅದೇ ಬೆರಳುಗಳನ್ನು ಹಿಟ್ಟು ನಾದುವ ಕೊಣಮಿಗೆಯ ತಳಕ್ಕೆ ಊರಿದರೆ ನಡುವೆ ಏನೂ ಏಳುವುದಿಲ್ಲ. ಬೆರಳ ತುದಿಗಳು ಭಾರ ಹೊರುತ್ತವೆ, ಸಂದಿ ಖಾಲಿ ಉಳಿಯುತ್ತದೆ.

ಬೆರಳುಗಳು ಕೂರೆಲುಬು, ಸಂದಿ ಮೆದುಭಾಗ, ಹಿಟ್ಟು ಜೆಲ್. ಮೆತ್ತನೆಯ ದಪ್ಪ ಸೀಟಿನ ಮೇಲೆ ಕೂತೊಡನೆ ಹಿತವೆನಿಸುವುದು ಏಕೆಂದರೆ ಕೂರೆಲುಬಿನ ಮೊನೆಯಲ್ಲಿದ್ದ ಒತ್ತಡ ಸುತ್ತಲೂ ಹರಡಿಕೊಳ್ಳುತ್ತದೆ. ಆ "ಸುತ್ತಲೂ" ಅನ್ನುವುದರಲ್ಲಿ ಮೆದುಭಾಗವೂ ಸೇರಿದೆ. ಕಾಲು ಗಂಟೆ, ಅರ್ಧ ಗಂಟೆ ಕಳೆದಂತೆ ಕೂರೆಲುಬು ಇನ್ನಷ್ಟು ಆಳಕ್ಕೆ ಇಳಿದು, ಎದ್ದ ಉಬ್ಬು ಮೆದುಭಾಗವನ್ನು ಕೆಳಗಿನಿಂದ ತಳ್ಳುತ್ತಲೇ ಇರುತ್ತದೆ. ಕವರ್ ಸೀಟಿನ ಮೂತಿಯನ್ನೂ ದಪ್ಪ ಮಾಡುವುದರಿಂದ ಒಳತೊಡೆ ಉಜ್ಜುತ್ತದೆ. ಜೆಲ್ ಅತ್ತಿತ್ತ ಜರುಗುವುದರಿಂದ ಪ್ರತಿ ತುಳಿತಕ್ಕೂ ಸೊಂಟ ಸಣ್ಣಗೆ ಓಲಾಡುತ್ತದೆ.

ಗಟ್ಟಿ ಸೀಟು ಮಾಡುವುದು ಇದರ ಎದುರು ಕೆಲಸ. ಎರಡು ಜಾಗದಲ್ಲಿ ಒತ್ತಿ ಹಿಡಿದು, ನಡುವನ್ನು ಬಿಡುತ್ತದೆ. ಹೊಸಬರಿಗೆ ಮೊದಲ ಕೆಲವು ವಾರ ಕೂರೆಲುಬಿನ ಮೇಲೆ ಕಂದಿದಂಥ ನೋವು ಇರುತ್ತದೆ. ಅಲ್ಲಿನ ಅಂಗಾಂಶ ಪಳಗಿದಂತೆ ಅದು ತಾನೇ ಇಳಿಯುತ್ತದೆ. ಮೆದುಭಾಗ ಮಾತ್ರ ಎಷ್ಟು ದಿನವಾದರೂ ಪಳಗುವುದಿಲ್ಲ. ಎಲುಬಿನ ಮೇಲಿನ ನೋವಿಗೆ ಸ್ವಲ್ಪ ಕಾಯಬಹುದು, ನಡುವಿನ ನೋವಿಗೆ ಕಾಯಬಾರದು. ಅಂಗಡಿಯಲ್ಲಿ "ಎಲ್ಲಿ ಒತ್ತುತ್ತದೆ" ಎಂಬ ಪ್ರಶ್ನೆ ಅಷ್ಟು ಮುಖ್ಯವಾಗುವುದು ಇದಕ್ಕೇ. ಆ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಹೇಳುವಂಥ ವಾತಾವರಣ ನಮ್ಮ ಊರುಗಳ ಅಂಗಡಿಗಳಲ್ಲಿ ಇರಬೇಕು, ಹೆಂಗಸರೂ ಅಲ್ಲಿ ಕೆಲಸಕ್ಕೆ ನಿಲ್ಲಬೇಕು ಎಂಬುದು ನನ್ನ ಬಲವಾದ ಆಸೆ.

ಜೋಮು ಎಲ್ಲಿಂದ ಬರುತ್ತದೆ

ಚರ್ಮದಡಿಯ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡ ಬಹಳ ಕಡಿಮೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಹೊರಗಿನಿಂದ ಸುಮಾರು 40–45 ಗ್ರಾಂ ಭಾರ ಬಿದ್ದರೂ ಅವು ಮುಚ್ಚಿಕೊಳ್ಳತೊಡಗುತ್ತವೆ. ಐವತ್ತೈದು ಕೆ.ಜಿ. ತೂಕದ ಹೆಂಗಸಿನ ಅರ್ಧದಷ್ಟು ಭಾರ ಸೀಟಿನ ಮೇಲಿದೆ, ಸೀಟಿಗೆ ತಾಗಿದ ಜಾಗ 150 ಚದರ ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ 180 ಗ್ರಾಮಿಗೂ ಮಿಕ್ಕಿ ಬೀಳುತ್ತದೆ. ಅಂದರೆ ಸೀಟು ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಮೆತ್ತಗಿದ್ದರೂ, ರಕ್ತನಾಳ ಮುಚ್ಚುವ ಮಟ್ಟದ ಕೆಳಗೆ ಒತ್ತಡವನ್ನು ಇಳಿಸುವುದು ಆಗದ ಮಾತು. ಹಾಗಾಗಿ ಎರಡೇ ಪ್ರಶ್ನೆ ಉಳಿಯುತ್ತವೆ: ಒತ್ತಡ ಎಲ್ಲಿ ಬೀಳುತ್ತಿದೆ, ಬಿಡುವಿಲ್ಲದೆ ಎಷ್ಟು ಹೊತ್ತು ಬೀಳುತ್ತಿದೆ?

ಮೆದುಭಾಗದ ಮೇಲೆ ಬಿದ್ದರೆ ನಾಳ ಮುಚ್ಚುವುದರ ಜೊತೆಗೆ ನರವೂ ಅದುಮಿಹೋಗುತ್ತದೆ. ರಕ್ತವಿಲ್ಲದ, ಅದುಮಿದ ನರ ಸುದ್ದಿ ಒಯ್ಯುವುದನ್ನು ನಿಲ್ಲಿಸುತ್ತದೆ. ಜೋಮು ಅಂದರೆ ಅದು. ನೋವು ನಿಂತಿತಲ್ಲ ಎಂದು ಸಮಾಧಾನಪಡುವಂಥದ್ದಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾರ್ಷಾ ಗೆಸ್ ಮತ್ತು ಸಂಗಡಿಗರು 2006ರಲ್ಲಿ 48 ಸ್ಪರ್ಧಾ ಸೈಕಲ್ ಸವಾರಿಣಿಯರನ್ನೂ 22 ಓಟಗಾರ್ತಿಯರನ್ನೂ ಹೋಲಿಸಿದರು. ಸೈಕಲ್ ಹೊಡೆಯುವವರಲ್ಲಿ ಜನನಾಂಗದ ಸಂವೇದನೆ ಕಡಿಮೆ ಇತ್ತು. ಲೈಂಗಿಕ ಆರೋಗ್ಯದಲ್ಲಿ ಮಾತ್ರ ಕೊರತೆ ಕಾಣಲಿಲ್ಲ. ಅದೇ ಸಾಲಿನ ಇನ್ನೊಂದು ಅಧ್ಯಯನ 2012ರಲ್ಲಿ ಹ್ಯಾಂಡಲ್ಲಿನ ಎತ್ತರವನ್ನು ನೋಡಿತು. ಹ್ಯಾಂಡಲ್ ಸೀಟಿಗಿಂತ ತಗ್ಗಾಗಿದ್ದವರಲ್ಲಿ ಮೆದುಭಾಗದ ಮೇಲಿನ ಒತ್ತಡ ಹೆಚ್ಚಿತ್ತು, ಸಂವೇದನೆ ಕಡಿಮೆಯಿತ್ತು. ಕಟ್ಟೆಯ ಮೇಲೆ ಬಾಗಿದಾಗ ಅಂಗೈಗೆ ಗೊತ್ತಾದದ್ದೇ ಉಪಕರಣದಲ್ಲೂ ಕಂಡಿತು.

ಯಾರಿಗಾಗಿ ಮಾಡಿದ ಸೀಟು

ಇಂಗ್ಲೆಂಡಿನ ಜಾನ್ ಬೌಲ್ಟ್‌ಬಿ ಬ್ರೂಕ್ಸ್ ಕುದುರೆಯ ಜೀನು, ತೊಗಲಿನ ಸಾಮಾನು ಮಾಡುತ್ತಿದ್ದವನು. ಅವನ ಕುದುರೆ ಸತ್ತಾಗ ಎರವಲು ತಂದ ಸೈಕಲ್ಲಿನ ಸೀಟು ತಾಳಲಾರದೆ 1882ರಲ್ಲಿ ತೊಗಲಿನ ಸೀಟಿಗೆ ಪೇಟೆಂಟ್ ಪಡೆದ. ನಮ್ಮ ಅಜ್ಜಂದಿರು ಹಾಲಿನ ಕ್ಯಾನು, ಹುಲ್ಲಿನ ಹೊರೆ ಸಾಗಿಸಿದ ದೊಡ್ಡ ಸೈಕಲ್ಲಿನ ಸ್ಪ್ರಿಂಗ್ ಇರುವ ತೊಗಲು ಸೀಟು ಅದೇ ವಂಶದ್ದು. 1890ರ ದಶಕದಲ್ಲಿ ಯೂರೋಪು, ಅಮೆರಿಕಗಳಲ್ಲಿ ಹೆಂಗಸರು ಸೈಕಲ್ ಹತ್ತಿದಾಗ, ನಡುವೆ ಖಾಲಿ ಬಿಟ್ಟು ಎರಡು ದಿಂಬು ಜೋಡಿಸಿದ ಕ್ರಿಸ್ಟಿ ಸೀಟಿನಂಥವು ಮಾರುಕಟ್ಟೆಗೆ ಬಂದವು. ನೂರು ವರ್ಷಕ್ಕೂ ಹಿಂದೆಯೇ ಸಮಸ್ಯೆಯೂ ಗೊತ್ತಿತ್ತು, ಪರಿಹಾರದ ದಿಕ್ಕೂ ಗೊತ್ತಿತ್ತು. ಆಮೇಲೆ ರೇಸು ಗಂಡಸರದ್ದಾಯಿತು, ಸೀಟು ಸಪೂರವಾಯಿತು, ಆ ತಿಳಿವಳಿಕೆ ಮರೆತುಹೋಯಿತು.

ಅದು ಮತ್ತೆ ಮೇಲೆ ಬಂದ ಬಗೆ ನನಗೆ ಬೇಸರ ತರುತ್ತದೆ. ಅಮೆರಿಕದ ಎಂಜಿನಿಯರ್ ಜಾರ್ಜಿನಾ ಟೆರಿ 1985ರಲ್ಲಿ ಹೆಂಗಸರ ಮೈಕಟ್ಟಿಗೆ ಹೊಂದುವ ಸೈಕಲ್ಲುಗಳ ಕಂಪನಿ ಕಟ್ಟಿ, ಮುಂದೆ ನಡುವೆ ಕಂಡಿ ಇರುವ ಸೀಟನ್ನೂ ತಂದರು. ಆದರೆ ದೊಡ್ಡ ಕಂಪನಿಗಳು ಎಚ್ಚೆತ್ತದ್ದು 1997ರ ನಂತರ, ಬಾಸ್ಟನ್ನಿನ ಮೂತ್ರಾಂಗ ವೈದ್ಯ ಇರ್ವಿನ್ ಗೋಲ್ಡ್‌ಸ್ಟೀನ್ ಸೀಟಿನಿಂದ ಗಂಡಸರ ಪುರುಷತ್ವಕ್ಕೆ ಕುತ್ತು ಎಂದು ಹೇಳಿದ ಮೇಲೆ. ಹೆಂಗಸರು ಅಷ್ಟು ವರ್ಷ ಅದೇ ಜಾಗದ ನೋವನ್ನು ನುಂಗಿಕೊಂಡು ತುಳಿದಿದ್ದರು. ಬ್ರಿಟನ್ನಿನ ಪ್ಯಾರಾ ಸೈಕ್ಲಿಸ್ಟ್ ಹ್ಯಾನಾ ಡೈನ್ಸ್ ಸೀಟಿನ ಒತ್ತಡದಿಂದಾದ ಊತಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು 2019ರಲ್ಲಿ ಬಹಿರಂಗವಾಗಿ ಬರೆದಾಗಲೇ ಎಷ್ಟೋ ಮಂದಿ ಬಾಯಿ ಬಿಟ್ಟದ್ದು.

ನಡುಗಂಡಿ ಇದ್ದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. 2003ರಲ್ಲಿ ಬ್ರೆಸೆಲ್ ಮತ್ತು ಲಾರ್ಸನ್ ಎಂಬ ಸಂಶೋಧಕರು ಹೆಂಗಸರಿಗೆ ಮೂರು ಬಗೆಯ ಸೀಟು ಕೊಟ್ಟು ನೋಡಿದಾಗ, ನಡುಭಾಗ ಪೂರ್ತಿ ಕತ್ತರಿಸಿದ್ದಕ್ಕಿಂತ ಅರ್ಧ ಕತ್ತರಿಸಿದ್ದನ್ನು ಮೆಚ್ಚಿದವರೇ ಹೆಚ್ಚು. 2011ರ ಇನ್ನೊಂದು ಅಧ್ಯಯನದಲ್ಲಿ ಕಂಡಿ ಇರುವ ಸೀಟುಗಳಲ್ಲಿ ಒತ್ತಡ ಹೆಚ್ಚೇ ಕಂಡಿತು. ಕಂಡಿಗೆ ಅಂಚು ಇರುತ್ತದೆ. ನಡುವಿನಲ್ಲಿ ಉಳಿದ ಭಾರ ಆ ಅಂಚಿನ ಮೇಲೆ ಬೀಳುತ್ತದೆ. ಸೀಟು ನಿಮಗೆ ಕಿರಿದಾಗಿದ್ದರೆ ಅಂಚು ಮೆದುಭಾಗದ ಮೇಲೆಯೇ ಬಂದು ಕೂರುತ್ತದೆ, ನೋವು ಇಮ್ಮಡಿಯಾಗುತ್ತದೆ. ಅಗಲ ಮೊದಲು, ಕಂಡಿ ಆಮೇಲೆ.

ರಟ್ಟಿನ ಮೇಲೆ ಅಳತೆ

ಅಗಲ ಅಳೆಯಲು ಬೆಂಗಳೂರಿನ ದೊಡ್ಡ ಅಂಗಡಿಗೆ ಹೋಗಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲು ಸಾಕು. ಒಳಗೆ ಸುಕ್ಕುಸುಕ್ಕಾದ ಕಾಗದ ಇರುವ ರಟ್ಟೇ ಬೇಕು. ಅದು ಒತ್ತಿದಲ್ಲಿ ಕುಸಿದು, ಹಾಗೇ ಉಳಿಯುತ್ತದೆ. ಕಲ್ಲುಕಟ್ಟೆಯ ಮೇಲೆ ಅಥವಾ ಗಟ್ಟಿ ಸ್ಟೂಲಿನ ಮೇಲೆ ರಟ್ಟು ಹಾಸಿ, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತುಕೊಳ್ಳಿ. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡರೆ ಮಂಡಿ ಸ್ವಲ್ಪ ಮೇಲೇರಿ ಕೂರೆಲುಬು ಚೆನ್ನಾಗಿ ಊರುತ್ತದೆ. ಕಟ್ಟೆಯ ಅಂಚನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಕೆಳಕ್ಕೆ ಜಗ್ಗಿಕೊಳ್ಳಿ. ಅತ್ತಿತ್ತ ಸರಿಯಬಾರದು.

ಎದ್ದು ನೋಡಿದರೆ ಎರಡು ಕುಳಿಗಳು. ಸರಿಯಾಗಿ ಕಾಣದಿದ್ದರೆ ಬಳಪವನ್ನು ಅಡ್ಡಲಾಗಿ ಹಿಡಿದು ರಟ್ಟಿನ ಮೇಲೆ ಹಗುರಾಗಿ ಉಜ್ಜಿ. ಕುಳಿಗಳು ಬಣ್ಣ ಹತ್ತದೆ ಉಳಿಯುತ್ತವೆ. ಎರಡೂ ಕುಳಿಗಳ ನಡುಬಿಂದು ಗುರುತಿಸಿ, ಅಲ್ಲಿಂದ ಅಲ್ಲಿಗೆ ಅಳೆಯಿರಿ. 11 ಸೆಂ.ಮೀ. ಬಂತೆನ್ನಿ. ಮಿತವಾಗಿ ಬಾಗಿ ತುಳಿಯುವವರು ಅದಕ್ಕೆ ಸುಮಾರು 2 ಸೆಂ.ಮೀ. ಕೂಡಿಸಿ 13 ಸೆಂ.ಮೀ. ಅಗಲದ ಸೀಟು ಹುಡುಕಬೇಕು. ತೀರಾ ಬಾಗಿ ರೇಸು ಹೊಡೆಯುವವರಿಗೆ ಒಂದು ಸೆಂಟಿಮೀಟರ್ ಕೂಡಿಸಿದರೂ ಸಾಕು. ನೆಟ್ಟಗೆ ಕೂರುವವರಿಗೆ ನಾಲ್ಕು ಬೇಕಾದೀತು. ರೋಡ್ ಬೈಕಿನ ಸೀಟುಗಳು ಸಾಮಾನ್ಯವಾಗಿ 13ರಿಂದ 16 ಸೆಂ.ಮೀ.ವರೆಗೆ ಸಿಗುತ್ತವೆ, ಕೆಳಭಾಗದಲ್ಲಿ ಅಥವಾ ಪೆಟ್ಟಿಗೆಯ ಮೇಲೆ ಮಿಲಿಮೀಟರಿನಲ್ಲಿ ಅಗಲ ಬರೆದಿರುತ್ತಾರೆ. ಸೈಕಲ್ ಜೊತೆ ಬಂದ ಸೀಟಿನ ಅಗಲವನ್ನು ಒಮ್ಮೆ ಅಳೆದು ನೋಡಿ. ನೋವಿನ ಕಾರಣ ಅಲ್ಲೇ ಸಿಗಬಹುದು.

ದೋಷ ಹ್ಯಾಂಡಲ್ಲಿನದ್ದೂ ಇರಬಹುದು

ಸೀಟು ಬದಲಿಸಿ ಬದಲಿಸಿ ಸೋತವರು ಸೀಟನ್ನು ಬಿಟ್ಟು ಸೈಕಲ್ಲಿನ ಉದ್ದ ನೋಡಬೇಕು. ಅಂಗಡಿಗಳಲ್ಲಿ ಸಿಗುವ ರೋಡ್ ಬೈಕುಗಳ ಅಳತೆ ಹೆಚ್ಚಾಗಿ ಗಂಡಸರ ಎತ್ತರಕ್ಕೆ ಹೊಂದುವಂಥದ್ದು. ಐದಡಿಯ ಹೆಂಗಸು ಅದನ್ನು ಹತ್ತಿದರೆ ಹ್ಯಾಂಡಲ್ ಕೈಗೆಟುಕಲು ಸೀಟಿನ ಮೂತಿಯ ಕಡೆ ಜಾರಿ ಕೂರುತ್ತಾಳೆ. ಆಗ ಸೀಟಿನ ಹಿಂಭಾಗ 15 ಸೆಂ.ಮೀ. ಅಗಲವಿದ್ದರೇನು, 20 ಇದ್ದರೇನು? ಆಕೆ ಕೂತಿರುವುದು ನಾಲ್ಕೈದು ಸೆಂಟಿಮೀಟರಿನ ಮೂತಿಯ ಮೇಲೆ.

ಹಾಗಾಗುತ್ತಿದೆಯೇ ಎಂದು ತಿಳಿಯಲು ಒಂದು ದೀರ್ಘ ಸವಾರಿಯ ನಂತರ ಸೀಟಿನ ಮೇಲಿನ ಸವೆತ, ಬೆವರಿನ ಗುರುತು ನೋಡಬೇಕು. ಸಂಡೂರು ಕಡೆಯ ಅದಿರಿನ ಕೆಂಧೂಳು ಮೆತ್ತಿದ ದಿನವಂತೂ ಕೂತ ಜಾಗ ಮಾತ್ರ ಒರೆಸಿದಂತಾಗಿ, ಎಲ್ಲಿ ಕೂತಿದ್ದಿರಿ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಗುರುತು ಮೂತಿಯ ಕಡೆ ಇದ್ದರೆ ಹ್ಯಾಂಡಲ್ ಹತ್ತಿರ ಬರಬೇಕು. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದ್ದಕ್ಕೆ ಬದಲಿಸಬಹುದು, ತಿರುಗಿಸಿ ಹಾಕಿ ಹ್ಯಾಂಡಲ್ ಎತ್ತರಿಸಬಹುದು. ಒಳ್ಳೆಯ ಸೀಟಿನ ಬೆಲೆಗೆ ಹೋಲಿಸಿದರೆ ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ.

ಎತ್ತರವೂ ಮುಖ್ಯ. ಸೀಟು ಅತಿ ಎತ್ತರವಾದರೆ ಪೆಡಲ್ ಕೆಳಗಿಳಿದಾಗಲೆಲ್ಲ ಸೊಂಟ ಆ ಬದಿಗೆ ವಾಲುತ್ತದೆ, ಉಜ್ಜಿ ಉಜ್ಜಿ ಚರ್ಮ ಕೀಳುತ್ತದೆ. ಅತಿ ತಗ್ಗಾದರೆ ಕಾಲು ಭಾರ ಹೊರುವುದಿಲ್ಲ, ಎಲ್ಲ ಸೀಟಿನ ಮೇಲೆಯೇ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ತೀರಾ ಕೆಳಗಿದ್ದಾಗ ಕಾಲು ನೆಟ್ಟಗಾಗುವಷ್ಟು ಎತ್ತರ ಇಟ್ಟುಕೊಂಡರೆ ಹೊರಡಲು ಅಡ್ಡಿಯಿಲ್ಲ. ಮುಂಗಾಲಲ್ಲಿ ತುಳಿಯುವಾಗ ಮಂಡಿ ಬೇಕಾದಷ್ಟೇ ಮಡಚಿರುತ್ತದೆ.

ಇನ್ನು ಮೂತಿಯ ಓರೆ. ಸೀಟಿನ ಮೇಲೆ ಉದ್ದಕ್ಕೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಮೊಬೈಲಿನ ಮಟ್ಟಗೋಲು ಇಟ್ಟರೆ ಓರೆ ಗೊತ್ತಾಗುತ್ತದೆ. ಮೂತಿ ಮೇಲೆದ್ದಿದ್ದರೆ ಯಾವ ಸೀಟೂ ಹೆಂಗಸಿಗೆ ಆಗಿಬರುವುದಿಲ್ಲ. ಮಟ್ಟವಾಗಿಟ್ಟು ಶುರುಮಾಡಿ, ಮುಂಭಾಗ ಒತ್ತಿದರೆ ಒಂದೆರಡು ಡಿಗ್ರಿ ಕೆಳಗಿಳಿಸಿ. ಹೆಚ್ಚಿಳಿಸಿದರೆ ಜಾರಿ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ರೇಸುಗಳಲ್ಲಿ ಸೀಟನ್ನು ಬಹುಪಾಲು ಮಟ್ಟವಾಗಿಯೇ ಇಡಬೇಕೆಂದು ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ನಿಯಮ ಮಾಡಿತ್ತು. ಬ್ರಿಟನ್ ತಂಡದ ಒತ್ತಾಯದ ನಂತರ, 2016ರಲ್ಲಿ, 9 ಡಿಗ್ರಿವರೆಗೆ ಓರೆಗೆ ಅನುಮತಿ ಸಿಕ್ಕಿತು. ಬೋಲ್ಟನ್ನು ಒಂದಿಷ್ಟು ತಿರುಗಿಸುವ ಈ ಕೆಲಸಕ್ಕೆ ಒಲಿಂಪಿಕ್ ತಂಡವೊಂದು ಹೋರಾಡಬೇಕಾಯಿತು ಎಂದರೆ ಅದರ ಮಹತ್ವ ತಿಳಿಯುತ್ತದೆ.

ಸಂಡೂರಿನ ಏರು, ಕಂಪ್ಲಿಯ ಬಯಲು

ಸಂಡೂರಿನ ಗುಡ್ಡ ಹತ್ತಿದ ದಿನ ತೊಡೆ ನೋಯುತ್ತದೆ, ಕೂರುವ ಜಾಗ ಅಷ್ಟಾಗಿ ನೋಯುವುದಿಲ್ಲ. ಕಂಪ್ಲಿಯ ಸಪಾಟು ದಾರಿಯಲ್ಲಿ ಹೋಗಿಬಂದ ದಿನ ಕೂರಲಾಗುವುದಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಸಂಡೂರಿನ ಕುಮಾರಸ್ವಾಮಿ ದೇವಸ್ಥಾನದ ಏರಿನಲ್ಲಿ ಜೋರಾಗಿ ತುಳಿಯುತ್ತೇವೆ. ಜೋರಾಗಿ ತುಳಿದಷ್ಟೂ ಪೆಡಲ್ ನಮ್ಮನ್ನು ಮೇಲಕ್ಕೆ ಒತ್ತುತ್ತದೆ, ಸೀಟಿನ ಪಾಲಿನ ಭಾರ ಕಡಿಮೆಯಾಗುತ್ತದೆ. ಏರು ಕಡಿದಾದಲ್ಲಿ ಎದ್ದು ನಿಂತು ತುಳಿಯುತ್ತೇವೆ. ಮುಚ್ಚಿದ ನಾಳಗಳಲ್ಲಿ ರಕ್ತ ಮತ್ತೆ ಹರಿಯುತ್ತದೆ.

ಬಯಲಿನಲ್ಲಿ ಎದ್ದೇಳುವ ಕಾರಣವೇ ಇಲ್ಲ. ಭತ್ತದ ಗದ್ದೆ, ಕಬ್ಬು, ಕಾಲುವೆ ನೋಡುತ್ತಾ ಹಗುರಾಗಿ ತುಳಿಯುತ್ತಾ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಕಂಪ್ಲಿಯಿಂದ ಹೊಸಪೇಟೆಗೆ ತಿರುಗಿದರೆ ಗಾಳಿ ಎದುರಿಗೆ. ಅದಕ್ಕೆ ಇನ್ನಷ್ಟು ಬಾಗುತ್ತೇವೆ, ಸೊಂಟ ಇನ್ನಷ್ಟು ಉರುಳುತ್ತದೆ. ಬಯಲಿನ ಸವಾರರು ಹತ್ತು ನಿಮಿಷಕ್ಕೊಮ್ಮೆ, ಅಗತ್ಯವಿರಲಿ ಬಿಡಲಿ, ಒಂದರ್ಧ ನಿಮಿಷ ಎದ್ದು ನಿಂತು ತುಳಿಯುವ ರೂಢಿ ಮಾಡಿಕೊಳ್ಳಬೇಕು. ರಸ್ತೆಯ ಗುಂಡಿ ಕಂಡಾಗಲೂ ಅಷ್ಟೇ, ಸೀಟಿನಿಂದ ಏಳುವುದು.

ಬಟ್ಟೆ, ಬೆವರು, ಮುಟ್ಟು

ಒತ್ತಡದ ಲೆಕ್ಕ ಸರಿಯಾದ ಮೇಲೂ ಉಳಿಯುವುದು ಉಜ್ಜಾಟ. ಚೂಡಿದಾರದ ಪ್ಯಾಂಟಿನ ಹೊಲಿಗೆಗಳೆಲ್ಲ ಬಂದು ಕೂಡುವುದು ತೊಡೆಸಂದಿಯಲ್ಲಿ, ಒಳಉಡುಪಿನ ಅಂಚೂ ಅಲ್ಲೇ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ನೆನೆದು ಮೆದುವಾದ ಚರ್ಮವನ್ನು ಆ ಹೊಲಿಗೆ ಗಂಟೆಗೆ ಸಾವಿರಾರು ಬಾರಿ ಉಜ್ಜುತ್ತದೆ. ಸೈಕಲ್ ಚಡ್ಡಿಯ ಒಳಗೆ ನಡುವೆ ಹೊಲಿಗೆಯಿಲ್ಲದ ಪ್ಯಾಡ್ ಇರುವುದು ಇದಕ್ಕಾಗಿ, ಮೆತ್ತಗಾಗಲೆಂದಲ್ಲ. ಅದನ್ನು ಒಳಉಡುಪಿಲ್ಲದೆ ಹಾಕಬೇಕು, ಮೇಲೆ ಬೇಕಾದರೆ ಚೂಡಿದಾರ ಹಾಕಿಕೊಳ್ಳಬಹುದು. ಹೆಂಗಸರ ಚಡ್ಡಿಯ ಪ್ಯಾಡಿನ ಆಕಾರ ಬೇರೆ, ಗಂಡಸರದ್ದನ್ನು ಕೊಳ್ಳಬೇಡಿ. ಮನೆಗೆ ಬಂದೊಡನೆ ಅದನ್ನು ಕಳಚಿ, ತೊಳೆದು, ಬಿಸಿಲಿಗೆ ಹಾಕಿ. ಆ ಜಾಗದ ಕೂದಲನ್ನು ಪೂರ್ತಿ ಬೋಳಿಸುವುದೂ ಒಳ್ಳೆಯದಲ್ಲ. ಕೂದಲ ಬುಡದಲ್ಲಿ ಸೋಂಕು ಹತ್ತಿ ಕುರುವಾಗುತ್ತದೆ.

ಮುಟ್ಟಿನ ದಿನಗಳಲ್ಲಿ ಸಾಧಾರಣ ಪ್ಯಾಡಿನ ರೆಕ್ಕೆ, ಪ್ಲಾಸ್ಟಿಕ್ ಅಂಚು ಉಜ್ಜುತ್ತವೆ. ಮುಟ್ಟಿನ ಬಟ್ಟಲು ಬಳಸಲು ಒಪ್ಪುವವರಿಗೆ ಸವಾರಿ ಸುಲಭ. ಒಪ್ಪದವರು ಆ ಎರಡು ದಿನ ದೂರದ ಸವಾರಿ ಬಿಟ್ಟು ಹಂಪಿಯವರೆಗೆ ಮಾತ್ರ ಹೋಗಿಬಂದರೂ ಅಭ್ಯಾಸವೇನೂ ಕೆಡುವುದಿಲ್ಲ.

ಕೆಲವು ಗುರುತುಗಳನ್ನು ಮಾತ್ರ ಸೀಟಿನ ಬೋಲ್ಟು ತಿರುಗಿಸಿ ಸರಿಮಾಡಲು ಹೋಗಬಾರದು. ಸೈಕಲ್ ಇಳಿದು ಗಂಟೆಗಳಾದರೂ ಹೋಗದ ಜೋಮು, ಮೂತ್ರ ಮಾಡುವಾಗ ಉರಿ, ಒಡೆಯದೆ ಗಟ್ಟಿಯಾಗಿ ಉಳಿದ ಕುರು, ಒಂದೇ ಬದಿಯ ಊತ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೆಲ್ಜಿಯಂನ ವೈದ್ಯರು ವರದಿ ಮಾಡಿದ ಆರು ಮಂದಿ ಸ್ಪರ್ಧಿಗಳಲ್ಲಿ ಇದ್ದದ್ದು ಈ ಕೊನೆಯದೇ: ವರ್ಷಗಟ್ಟಲೆ ಒತ್ತಡದಿಂದ ದುಗ್ಧರಸದ ನಾಳಗಳು ಹಾಳಾಗಿ, ಜನನಾಂಗದ ಒಂದು ಮಗ್ಗುಲು ಊದಿಕೊಂಡಿತ್ತು. ಅಂಥದ್ದು ಕಂಡರೆ ಸವಾರಿ ನಿಲ್ಲಿಸಿ ಸ್ತ್ರೀರೋಗ ತಜ್ಞೆಯ ಬಳಿ ಹೋಗಿ. ವಾರಕ್ಕೆ ಎಷ್ಟು ಕಿಲೋಮೀಟರ್ ತುಳಿಯುತ್ತೀರಿ, ಹ್ಯಾಂಡಲ್ ಸೀಟಿಗಿಂತ ಎಷ್ಟು ತಗ್ಗಿದೆ, ಸೀಟಿನ ಅಗಲ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಸಾಧ್ಯವಾದರೆ ಸೀಟನ್ನೇ ಕಳಚಿ ಚೀಲದಲ್ಲಿ ತೆಗೆದುಕೊಂಡು ಹೋಗಿ ತೋರಿಸಿ.